ನೂರು ವಾದ್ಯಗಳ ಮೇಲೊಂದು ಕೊರಳು

1959ರ ಡಿಸೆಂಬರ್ 28ರ ರಾತ್ರಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಜರ್ಮನಿಯ ಸಂಗೀತಕಾರ ವಾಗ್ನರನ ‘ಟ್ರಿಸ್ಟಾನ್ ಉಂಡ್ ಇಸೋಲ್ಡೆ’ ನಡೆಯಬೇಕಿತ್ತು. ಟ್ರಿಸ್ಟಾನ್ ಪಾತ್ರದ ರಾಮೋನ್ ವಿನೈ ಹುಷಾರು ತಪ್ಪಿದರು. ಬದಲಿಗೆ ಹಾಡಬೇಕಾಗಿದ್ದ ಕಾರ್ಲ್ ಲೀಬ್ಲ್ ಕೂಡ ಮಲಗಿದ್ದರು. ಮೂರನೆಯವರಾದ ಆಲ್ಬರ್ಟ್ ಡ ಕೋಸ್ಟಾ ಅವರದೂ ಅದೇ ಕಥೆ. ಇಡೀ ಪಾತ್ರ ಹಾಡುವ ಶಕ್ತಿ ಮೂವರಲ್ಲಿ ಯಾರಿಗೂ ಇರಲಿಲ್ಲ. ಜನರಲ್ ಮ್ಯಾನೇಜರ್ ರುಡಾಲ್ಫ್ ಬಿಂಗ್ ಮೂವರನ್ನೂ ಓಲೈಸಿ, ತಲೆಗೊಂದು ಅಂಕ ಹಂಚಿಕೊಟ್ಟರು. ಪರದೆಯ ಮುಂದೆ ಬಂದು ವಿಷಯ ತಿಳಿಸುತ್ತ, ಪುಣ್ಯಕ್ಕೆ ಈ ಒಪೆರಾಗೆ ಇರುವುದು ಮೂರೇ ಅಂಕ ಎಂದಾಗ ಸಭೆ ನಗೆಯಲ್ಲಿ ಮುಳುಗಿತು.

ಟ್ರಿಸ್ಟಾನರು ಮೂವರಾದರೂ ಇಸೋಲ್ಡೆ ಒಬ್ಬರೇ. ಸುಮಾರು ನಾಲ್ಕು ಗಂಟೆಯ ಸಂಗೀತವನ್ನು ಬಿರ್ಗಿಟ್ ನಿಲ್ಸನ್ ಎಂಬ ಸ್ವೀಡನ್ನಿನ ಗಾಯಕಿ ಮೊದಲಿನಿಂದ ಕೊನೆಯವರೆಗೆ ನಿಭಾಯಿಸಿದರು. ಹತ್ತು ದಿನಗಳ ಹಿಂದಷ್ಟೇ ಅದೇ ಪಾತ್ರದಲ್ಲಿ ಅವರು ಮೆಟ್ರೊಪಾಲಿಟನ್ ವೇದಿಕೆಯನ್ನು ಮೊದಲ ಬಾರಿಗೆ ಹತ್ತಿದ್ದರು. ಆ ಸುದ್ದಿ ಮರುದಿನದ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬಂದಿತ್ತು. ಆಗ ಅವರಿಗೆ ನಲವತ್ತೊಂದು ವರ್ಷ.

ನಲವತ್ತೊಂದಕ್ಕೆ ಜಗತ್ಪ್ರಸಿದ್ಧಿ ಬಂತೆಂದರೆ ತಡವಾಯಿತು ಎನಿಸಬಹುದು. ನಿಲ್ಸನ್ ಅವರ ಮಟ್ಟಿಗೆ ಆ ತಡವೇ ಬಂಡವಾಳವಾಯಿತು. ಇಪ್ಪತ್ತನೆಯ ಶತಮಾನದ ಅತ್ಯಂತ ದೊಡ್ಡ ದನಿಗಳಲ್ಲೊಂದು ಎಂದು ಅವರ ಕೊರಳನ್ನು ಎಲ್ಲರೂ ಹೊಗಳುತ್ತಾರೆ. ಆ ಕೊರಳು ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಬಾಳಿದ್ದು ಹೇಗೆ ಎಂದು ಕೇಳಿದರೆ ಮಾತ್ರ ಉತ್ತರಕ್ಕಾಗಿ ಲೆಕ್ಕದ ಪುಸ್ತಕವನ್ನೇ ತೆರೆಯಬೇಕಾಗುತ್ತದೆ. ಯಾವ ಪಾತ್ರ, ಯಾವ ವಯಸ್ಸಿನಲ್ಲಿ, ವರ್ಷಕ್ಕೆ ಎಷ್ಟು ಸಲ, ಎಷ್ಟು ಹಣಕ್ಕೆ ಎಂಬುದನ್ನೆಲ್ಲ ಅವರು ಹೊಲದ ಒಡತಿ ಬಿತ್ತನೆಯ ಕಾಳನ್ನೂ ತಿನ್ನುವ ಕಾಳನ್ನೂ ಬೇರೆ ಮಾಡಿಟ್ಟಷ್ಟು ಎಚ್ಚರದಿಂದ ತೂಗುತ್ತಿದ್ದರು.

ಅವರು ನಿಜವಾಗಿಯೂ ಹೊಲದಿಂದಲೇ ಬಂದವರು. 1918ರ ಮೇ 17ರಂದು ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದ ವೆಸ್ಟ್ರಾ ಕಾರುಪ್ ಎಂಬ ಊರಿನ ರೈತ ಮನೆತನದಲ್ಲಿ ಹುಟ್ಟಿದರು. ಒಬ್ಬಳೇ ಮಗಳು. ಹಸುಗಳ ಹಾಲು ಕರೆದದ್ದು, ಬೀಟ್ ಗೆಡ್ಡೆ ಕಿತ್ತದ್ದು ಎಲ್ಲವೂ ಅವರ ಬಾಲ್ಯದ ದಿನಚರಿ. ಮಗಳು ಜಮೀನು ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ, ಹಾಡುಗಾರಿಕೆ ಅವರಿಗೆ ಹೊಟ್ಟೆಪಾಡಿನ ದಾರಿಯಾಗಿ ಕಾಣಲೇ ಇಲ್ಲ. ಚರ್ಚಿನ ಗಾಯನವೃಂದದಲ್ಲಿ ಈ ಹುಡುಗಿಯ ದನಿ ಕೇಳಿದವರು ಅವಳನ್ನು ಸುಮ್ಮನೆ ಬಿಡಲಿಲ್ಲ. 1941ರಲ್ಲಿ ಸ್ಟಾಕ್‌ಹೋಮಿನ ರಾಯಲ್ ಸಂಗೀತ ಅಕಾಡೆಮಿಗೆ ಪ್ರವೇಶ ಸಿಕ್ಕಿತು. ಜೊತೆಗೆ ಕ್ರಿಸ್ಟಿನಾ ನಿಲ್ಸನ್ ಹೆಸರಿನ ವಿದ್ಯಾರ್ಥಿವೇತನವೂ ದೊರಕಿತು.

ಆ ಕ್ರಿಸ್ಟಿನಾ ಇವರ ಬಂಧುವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್ನಿನ ಬಡ ರೈತ ಮನೆಯಿಂದ ಹೊರಟು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಗೆದ್ದ ಇನ್ನೊಬ್ಬ ಸೊಪ್ರಾನೊ, ಅಂದರೆ ಅತಿ ಎತ್ತರದ ಹೆಣ್ಣುದನಿಯ ಗಾಯಕಿ, ಆಕೆ. 1883ರ ಅಕ್ಟೋಬರ್ 22ರಂದು ಮೆಟ್ರೊಪಾಲಿಟನ್ ಒಪೆರಾ ಬಾಗಿಲು ತೆರೆದಾಗ ಗುನೋನ ‘ಫೌಸ್ಟ್’ನಲ್ಲಿ ನಾಯಕಿಯಾಗಿ ಹಾಡಿದ್ದು ಅವರೇ. ಅವರಿಗೂ ಮುಂಚೆ ‘ಸ್ವೀಡನ್ನಿನ ನೈಟಿಂಗೇಲ್’ ಎಂದು ಹೆಸರಾದ ಯೆನ್ನಿ ಲಿಂಡ್ ಇದ್ದರು. ಸರ್ಕಸ್ ಖ್ಯಾತಿಯ ಪಿ. ಟಿ. ಬಾರ್ನಮ್ 1850ರಲ್ಲಿ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದ. ಹೀಗಾಗಿ ಸ್ವೀಡನ್ನಿನ ಹಳ್ಳಿಹುಡುಗಿಗೆ ಸೊಪ್ರಾನೊ ಆಗುವ ಕನಸು ಕಾಣಲು ಮೇಲ್ಪಂಕ್ತಿಗೇನೂ ಕೊರತೆ ಇರಲಿಲ್ಲ.

ಆದರೆ ಶಾಲೆಯ ದಿನಗಳು ಸುಖಕರವಾಗಿರಲಿಲ್ಲ. ಗುರು ಜೋಸೆಫ್ ಹಿಸ್ಲಪ್ ಸ್ಕಾಟ್ಲೆಂಡಿನ ಹೆಸರಾಂತ ಟೆನರ್, ಅಂದರೆ ಎತ್ತರದ ಗಂಡುದನಿಯ ಗಾಯಕ. ಅವರ ಪಾಠ ತನ್ನ ಗಂಟಲನ್ನೇ ಕೊಲ್ಲುವಂತಿತ್ತು ಎಂದು ನಿಲ್ಸನ್ ಮುಂದೆ ನೇರವಾಗಿಯೇ ಹೇಳಿಕೊಂಡರು. ತನಗೆ ನಿಜವಾದ ಗುರು ವೇದಿಕೆಯೇ ಎಂಬುದು ಅವರ ಪಟ್ಟು. 1946ರಲ್ಲಿ ಸ್ಟಾಕ್‌ಹೋಮಿನ ರಾಯಲ್ ಒಪೆರಾದಲ್ಲಿ ಮೊದಲ ಅವಕಾಶ ಸಿಕ್ಕಿದ್ದೂ ಬೇರೊಬ್ಬ ಗಾಯಕಿ ಕಾಯಿಲೆ ಬಿದ್ದದ್ದರಿಂದ. ವೇಬರನ ‘ಡೇರ್ ಫ್ರೈಶುಟ್ಸ್’ನ ಅಗಾಥೆಯ ಪಾತ್ರವನ್ನು ಕೆಲವೇ ದಿನಗಳಲ್ಲಿ ಕಲಿತು ಹಾಡಬೇಕಾಯಿತು. ವಾದ್ಯವೃಂದದ ನಿರ್ದೇಶಕ ಲಿಯೋ ಬ್ಲೆಕ್‌ಗೆ ಅವರ ಹಾಡು ಹಿಡಿಸಲಿಲ್ಲ, ಅಸಮಾಧಾನವನ್ನು ಆತ ಮುಚ್ಚಿಡಲೂ ಇಲ್ಲ. ಮುಂದಿನ ವರ್ಷ ಫ್ರಿಟ್ಸ್ ಬುಶ್ ಎಂಬ ಇನ್ನೊಬ್ಬ ನಿರ್ದೇಶಕ ವೆರ್ಡಿಯ ಲೇಡಿ ಮ್ಯಾಕ್‌ಬೆತ್ ಪಾತ್ರವನ್ನು ಅವರ ಕೈಗಿಟ್ಟರು. ಮುರಿದುಹೋಗಬಹುದಾಗಿದ್ದ ವೃತ್ತಿ ಅಲ್ಲಿ ಕುದುರಿಕೊಂಡಿತು.

ನಿಲ್ಸನ್ ಮಾಡುತ್ತಿದ್ದ ಕೆಲಸ ಎಷ್ಟು ಕಠಿಣ ಎಂಬುದು ತಿಳಿಯಬೇಕಾದರೆ ಒಂದು ಸಂಗತಿ ನೆನಪಿರಬೇಕು. ಒಪೆರಾ ಗಾಯಕರಿಗೆ ಮೈಕ್ ಇರುವುದಿಲ್ಲ. ಮೆಟ್ರೊಪಾಲಿಟನ್ ಒಪೆರಾದ ಈಗಿನ ಕಟ್ಟಡದಲ್ಲಿ ಸುಮಾರು 3,800 ಆಸನಗಳಿವೆ. ವೇದಿಕೆಯ ಮುಂದಿನ ಹಳ್ಳದಲ್ಲಿ ಎಂಬತ್ತು, ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ವಾದ್ಯಗಾರರು ಕುಳಿತಿರುತ್ತಾರೆ. ಹಿತ್ತಾಳೆ ತುತೂರಿ, ಟ್ರೊಂಬೋನ್, ಡೋಲು ಎಲ್ಲವೂ ಒಟ್ಟಿಗೆ ಮೊಳಗುವಾಗ ಅದರ ಮೇಲಿಂದ ಒಂದು ಮನುಷ್ಯದನಿ ಕಟ್ಟಕಡೆಯ ಬಾಲ್ಕನಿಯ ಕಟ್ಟಕಡೆಯ ಸಾಲನ್ನು ಮುಟ್ಟಬೇಕು. ಬರಿಯ ಕೂಗಾಟದಿಂದ ಇದು ಸಾಧ್ಯವಿಲ್ಲ. ಕೂಗಿದರೆ ಗಂಟಲು ಒಂದು ವಾರವೂ ಉಳಿಯದು.

ಇದರ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರು ನಿಲ್ಸನ್ ಅವರ ದೇಶದವರೇ ಆದ ಯೋಹಾನ್ ಸುಂಡ್‌ಬೆರ್ಗ್. ಸ್ಟಾಕ್‌ಹೋಮಿನ ತಾಂತ್ರಿಕ ವಿಶ್ವವಿದ್ಯಾಲಯದ ಈ ಧ್ವನಿವಿಜ್ಞಾನಿ 1970ರ ದಶಕದಲ್ಲಿ ಗಾಯಕರ ದನಿಯನ್ನು ಕಂಪನಾಂಕಗಳಾಗಿ ಬಿಡಿಸಿ ನೋಡಿದರು. ವಾದ್ಯವೃಂದದ ಸದ್ದಿನ ಶಕ್ತಿ ಹೆಚ್ಚಾಗಿ ಸೇರಿಕೊಂಡಿರುವುದು ಸುಮಾರು 450 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿಂದ ಮೇಲಕ್ಕೆ ಹೋದಂತೆ ಅದು ಇಳಿಯುತ್ತ ಹೋಗುತ್ತದೆ. ನುರಿತ ಒಪೆರಾ ಗಾಯಕ ಗಂಟಲಿನ ಒಳಗನ್ನು ಹಿಗ್ಗಿಸಿ, ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ, ಸುಮಾರು 3,000 ಹರ್ಟ್ಸ್ ಬಳಿ ತನ್ನ ದನಿಗೆ ಹೆಚ್ಚುವರಿ ಬಲ ಕೊಡುತ್ತಾನೆ. ವಾದ್ಯಗಳು ದುರ್ಬಲವಾಗಿರುವ, ಮನುಷ್ಯನ ಕಿವಿ ತುಂಬ ಚುರುಕಾಗಿರುವ ವಲಯ ಅದು. ವಾದ್ಯವೃಂದದ ಜೊತೆ ಗುದ್ದಾಟಕ್ಕೆ ಇಳಿಯದೆ ಅದು ಬಿಟ್ಟ ಜಾಗದಲ್ಲಿ ನುಸುಳುವುದೇ ಇಲ್ಲಿನ ಜಾಣತನ.

ಗಂಡುದನಿಗಳಿಗೆ ಈ ವಿವರಣೆ ಸರಿಯಾಗಿ ಒಪ್ಪುತ್ತದೆ. ಸೊಪ್ರಾನೊ ದನಿಯ ಮೇಲಿನ ಸ್ವರಗಳಲ್ಲಿ ಆಟ ಸ್ವಲ್ಪ ಬೇರೆ. ‘ಹೈ ಸಿ’ ಎಂದು ಒಪೆರಾ ಮಂದಿ ಕರೆಯುವ ಸ್ವರ ಸೆಕೆಂಡಿಗೆ ಸುಮಾರು 1,047 ಕಂಪನ. ಅಷ್ಟು ಎತ್ತರದಲ್ಲಿ ಮೂಲಸ್ವರವೇ ಬಾಯಿಯ ಸಹಜ ಅನುರಣನವನ್ನು ದಾಟಿಹೋಗಿರುತ್ತದೆ. ಆಗ ಗಾಯಕಿ ದವಡೆಯನ್ನು ಅಗಲವಾಗಿ ತೆರೆಯುತ್ತಾಳೆ. ತೆರೆದಷ್ಟೂ ಬಾಯಿಯ ಅನುರಣನ ಮೇಲಕ್ಕೇರಿ ಸ್ವರವನ್ನು ಸಂಧಿಸುತ್ತದೆ, ಹೆಚ್ಚು ಶ್ರಮವಿಲ್ಲದೆ ಸದ್ದು ಹಲವು ಪಟ್ಟು ಏರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಅಕ್ಷರಗಳ ಸ್ಪಷ್ಟತೆ. ಆ ಎತ್ತರದಲ್ಲಿ ‘ಇ’ ‘ಉ’ ಎಲ್ಲವೂ ಹೆಚ್ಚುಕಡಿಮೆ ‘ಆ’ ಆಗಿಬಿಡುತ್ತವೆ. ಸೊಪ್ರಾನೊ ಹಾಡುವ ಪದಗಳು ಅರ್ಥವೇ ಆಗುವುದಿಲ್ಲ ಎಂಬ ಹಳೆಯ ದೂರಿಗೆ ಭೌತಶಾಸ್ತ್ರದ ಸಮಜಾಯಿಷಿ ಇದೆ.

ಸೊಪ್ರಾನೊಗಳಲ್ಲೂ ಪಂಗಡಗಳಿವೆ. ಸ್ವರಗಳನ್ನು ಮಿಂಚಿನಂತೆ ಉದುರಿಸುವ ಹಗುರ ದನಿಯವರು ಕೊಲೊರತುರ. ಮೃದುವಾದ, ತುಂಬುದನಿಯವರು ಲಿರಿಕ್. ವಾಗ್ನರ್ ಮತ್ತು ರಿಚರ್ಡ್ ಸ್ಟ್ರಾಸರ ದೈತ್ಯ ವಾದ್ಯವೃಂದಕ್ಕೆ ಎದುರು ನಿಲ್ಲಬಲ್ಲವರು ಡ್ರಮ್ಯಾಟಿಕ್. ಜರ್ಮನಿಯ ರಂಗಮಂದಿರಗಳಲ್ಲಿ ಗಾಯಕರ ಒಪ್ಪಂದಗಳೇ ಈ ವಿಂಗಡಣೆಯ ಪ್ರಕಾರ ನಡೆಯುತ್ತವೆ. ಕೊನೆಯ ಪಂಗಡದ ಗಾಯಕಿಯರು ಯಾವ ಕಾಲದಲ್ಲೂ ವಿರಳ. ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ 1930ರ ದಶಕದಿಂದ ಆ ಸಿಂಹಾಸನದಲ್ಲಿದ್ದರು. 1952ರಲ್ಲಿ ‘ಟ್ರಿಸ್ಟಾನ್’ನ ಪ್ರಸಿದ್ಧ ಧ್ವನಿಮುದ್ರಣ ನಡೆದಾಗ ಅವರಿಗೆ ಐವತ್ತಾರು ದಾಟಿತ್ತು. ಎರಡನೆಯ ಅಂಕದ ಎರಡು ಹೈ ಸಿಗಳನ್ನು ಅವರ ಬದಲು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಗುಟ್ಟು ಹೊರಬಿದ್ದಾಗ ಫ್ಲಾಗ್‌ಸ್ಟಾಡ್ ಬಹಳ ನೊಂದುಕೊಂಡರು.

ಅವರು ತೆರವು ಮಾಡಿದ ಸ್ಥಾನ ಹೊಸಬರಿಗಾಗಿ ಕಾಯುತ್ತಿದ್ದ ಆ ಹೊತ್ತಿನಲ್ಲಿ ನಿಲ್ಸನ್ ಇನ್ನೂ ಸ್ಟಾಕ್‌ಹೋಮಿನಲ್ಲೇ ಇದ್ದರು. ಅಲ್ಲಿ ಮೊಜಾರ್ಟ್, ವೆರ್ಡಿ, ಪುಚ್ಚೀನಿ, ವಾಗ್ನರ್ ಎಲ್ಲವನ್ನೂ ಹಾಡುತ್ತ ಪಾತ್ರಗಳನ್ನು ಒಂದೊಂದಾಗಿ ಮೈಗೂಡಿಸಿಕೊಂಡರು. 1951ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಉತ್ಸವದಲ್ಲಿ ಹಾಡಿದ್ದು ಮೊಜಾರ್ಟನ ‘ಇಡೊಮೆನಿಯೊ’. ಇಸೋಲ್ಡೆಯನ್ನು ಮೊದಲು ಹಾಡಿದ್ದು 1953ರಲ್ಲಿ, ಅದೂ ತವರಿನ ರಂಗಮಂದಿರದಲ್ಲೇ. 1954ರಲ್ಲಿ ವಾಗ್ನರನ ಊರಾದ ಬೈರಾಯ್ಟ್‌ನಲ್ಲಿ ಮೊದಲ ಒಪೆರಾ ಹಾಡಿದಾಗಲೂ ಅವರಿಗೆ ದೊರೆತದ್ದು ‘ಲೋಹೆನ್‌ಗ್ರಿನ್’ನ ಎಲ್ಸಾ ಎಂಬ, ತುಸು ಹಗುರವಾದ ಪಾತ್ರ. ಆ ಆಸುಪಾಸಿನಲ್ಲೇ ವಿಯೆನ್ನಾ, 1955ರಲ್ಲಿ ಮ್ಯೂನಿಕ್. ದೊಡ್ಡ ದನಿಯ ಎಳೆಯ ಗಾಯಕಿಯನ್ನು ನೇರವಾಗಿ ವಾಗ್ನರನ ‘ರಿಂಗ್’ ಒಪೆರಾ ಸರಣಿಯ ಭಾರದ ನಾಯಕಿ ಬ್ರುನ್‌ಹಿಲ್ಡೆ ಮಾಡಿ ಐದಾರು ವರ್ಷಗಳಲ್ಲಿ ಹಿಂಡಿ ಬಿಸಾಡುವ ರೂಢಿ ಒಪೆರಾ ಲೋಕಕ್ಕೆ ಹೊಸದಲ್ಲ. ನಿಲ್ಸನ್ ಆ ಉರುಳಿಗೆ ಕೊರಳೊಡ್ಡಲಿಲ್ಲ.

‘ಟ್ರಿಸ್ಟಾನ್ ಉಂಡ್ ಇಸೋಲ್ಡೆ’ ಹಾಡುವುದು ಎಷ್ಟು ಭಾರದ ಕೆಲಸ ಎಂಬುದಕ್ಕೆ ಒಂದು ದಂತಕಥೆಯೇ ಇದೆ. 1865ರಲ್ಲಿ ಮ್ಯೂನಿಕ್‌ನಲ್ಲಿ ಈ ಒಪೆರಾದ ಮೊದಲ ಪ್ರದರ್ಶನವಾಯಿತು. ಟ್ರಿಸ್ಟಾನ್ ಆಗಿ ಹಾಡಿದ ಲುಡ್ವಿಗ್ ಶ್ನೋರ್ ಕೆಲವೇ ವಾರಗಳಲ್ಲಿ, ಮೂವತ್ತು ದಾಟುವ ಮೊದಲೇ ತೀರಿಕೊಂಡರು. ಪಾತ್ರವೇ ಅವರನ್ನು ಬಲಿ ತೆಗೆದುಕೊಂಡಿತು ಎಂದು ಜನ ಆಡಿಕೊಂಡರು. ಅಂಥ ಒಪೆರಾದ ನಾಯಕಿಯಾಗಿ ನಿಲ್ಸನ್ ಇನ್ನೂರಕ್ಕೂ ಹೆಚ್ಚು ಸಲ ಹಾಡಿದರು. ಇಸೋಲ್ಡೆ ಹಾಡಲು ಮುಖ್ಯವಾಗಿ ಬೇಕಾದದ್ದೇನು ಎಂದು ಯಾರೋ ಕೇಳಿದ್ದಕ್ಕೆ ಅವರ ಉತ್ತರ: ಕಾಲಿಗೆ ಹಿತವಾದ ಒಂದು ಜೊತೆ ಬೂಟು.

ಇದು ಬರಿಯ ಚಟಾಕಿಯಲ್ಲ. ನಾಲ್ಕು ಗಂಟೆ ನಿಂತು ಹಾಡುವವರಿಗೆ ಉಸಿರಿನ ಆಧಾರ ಹೊಟ್ಟೆ, ಬೆನ್ನು, ಕಾಲುಗಳಿಂದಲೇ ಬರಬೇಕು. ಮೊದಲ ಅಂಕದ ಸಿಟ್ಟಿನ ಭಾಗದಲ್ಲಿ ಶಕ್ತಿ ಸುರಿದುಬಿಟ್ಟರೆ, ಕೊನೆಯಲ್ಲಿ ಟ್ರಿಸ್ಟಾನನ ಶವದ ಮುಂದೆ ಹಾಡುವ ಮೃದುವಾದ, ದೀರ್ಘವಾದ ಭಾಗಕ್ಕೆ ಏನೂ ಉಳಿದಿರುವುದಿಲ್ಲ.

ಅವರಿಗೆ ಹಣ ತಂದ ಪಾತ್ರ ಬೇರೆಯೇ. 1958ರ ಡಿಸೆಂಬರ್ 7ರಂದು ಮಿಲಾನಿನ ಲಾ ಸ್ಕಾಲಾ ತನ್ನ ಋತುವಿನ ಮೊದಲ ರಾತ್ರಿಗೆ ಪುಚ್ಚೀನಿಯ ‘ತುರಾಂಡೋಟ್’ ಆರಿಸಿಕೊಂಡಿತು. ಚೀನಾದ ಕ್ರೂರ ರಾಜಕುಮಾರಿಯಾಗಿ ಸ್ವೀಡನ್ನಿನ ನಿಲ್ಸನ್! ಇಟಲಿಯ ಆ ಮಂದಿರದಲ್ಲಿ ಋತು ಆರಂಭದ ರಾತ್ರಿಯ ಗೌರವ ವಿದೇಶಿ ಗಾಯಕಿಗೆ ಸಿಗುವುದು ಸಣ್ಣ ಮಾತಲ್ಲ. ತುರಾಂಡೋಟ್ ಮೊದಲ ಅಂಕದಲ್ಲಿ ಒಂದು ಸ್ವರವನ್ನೂ ಹಾಡುವುದಿಲ್ಲ. ಪಾತ್ರದ ಹಾಡು ಒಟ್ಟಾರೆ ಚಿಕ್ಕದು, ಆದರೆ ಬಹುಪಾಲು ಗಂಟಲನ್ನು ಗರಗಸದಂತೆ ಕೊಯ್ಯುವ ಎತ್ತರದಲ್ಲಿದೆ. ಬೇರೆಯವರು ಹೆದರುತ್ತಿದ್ದ ಆ ಎತ್ತರ ನಿಲ್ಸನ್ ಅವರಿಗೆ ಅಂಗಳದಷ್ಟು ಸಲೀಸು. ಇಸೋಲ್ಡೆ ಹೆಸರು ತಂದಳು, ತುರಾಂಡೋಟ್ ಸಿರಿ ತಂದಳು ಎಂಬರ್ಥದ ಮಾತನ್ನು ಅವರು ಮತ್ತೆ ಮತ್ತೆ ಆಡುತ್ತಿದ್ದರು.

1961ರಲ್ಲಿ ಮೆಟ್ರೊಪಾಲಿಟನ್ ಕೂಡ ಅದೇ ಒಪೆರಾ ಕಟ್ಟಿತು. ಸೊಂಟದ ಮೂಳೆ ಮುರಿದುಕೊಂಡಿದ್ದ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ ಊರುಗೋಲು ಹಿಡಿದು ಬಂದರು. ನಾಯಕ ಇಟಲಿಯ ಫ್ರಾಂಕೊ ಕೊರೆಲ್ಲಿ. ಆತನಿಗೂ ನಿಲ್ಸನ್ ಅವರಿಗೂ ಹೈ ಸಿ ಯಾರು ಹೆಚ್ಚು ಹೊತ್ತು ಹಿಡಿಯುತ್ತಾರೆಂಬ ಪೈಪೋಟಿ. ತಂಡ ಪ್ರವಾಸದಲ್ಲಿದ್ದಾಗ ಒಂದು ರಾತ್ರಿ ಸೋತ ಕೊರೆಲ್ಲಿ ಮುನಿಸಿಕೊಂಡರಂತೆ. ಮೂರನೆಯ ಅಂಕದಲ್ಲಿ ಮುತ್ತಿಡುವ ಬದಲು ಕಚ್ಚಿಬಿಡು ಎಂದು ಬಿಂಗ್ ಸಮಾಧಾನ ಹೇಳಿದರಂತೆ. ತನಗೆ ಹುಚ್ಚುನಾಯಿ ರೋಗ ತಗುಲಿದೆ, ಮುಂದಿನ ಊರಿಗೆ ಬರಲಾರೆ ಎಂದು ನಿಲ್ಸನ್ ತಂತಿ ಕಳಿಸಿದರಂತೆ. ಇದರಲ್ಲಿ ಉಪ್ಪು ಖಾರ ಎಷ್ಟೋ, ಒಪೆರಾ ಲೋಕ ಮಾತ್ರ ಈ ಕಥೆಯನ್ನು ಇಂದಿಗೂ ಚಪ್ಪರಿಸುತ್ತದೆ.

ಹಾಸ್ಯ ಅವರಿಗೆ ವ್ಯವಹಾರದ ಆಯುಧವೂ ಆಗಿತ್ತು. ಊರೂರು ಸುತ್ತುವ ಒಪೆರಾ ತಾರೆಗಳಿಗೆ ಸಂಭಾವನೆ ಸಿಗುವುದು ಸಾಮಾನ್ಯವಾಗಿ ಹಾಡಿದ ರಾತ್ರಿಗೆ ಮಾತ್ರ. ನೆಗಡಿ ಬಂದು ಮಲಗಿದರೆ ತಿಂಗಳುಗಟ್ಟಲೆಯ ಅಭ್ಯಾಸಕ್ಕೂ ಕಾಸಿಲ್ಲ. ಅದು ಗೊತ್ತಿದ್ದ ನಿಲ್ಸನ್ ಸಂಭಾವನೆಯ ಮಾತಿನಲ್ಲಿ ನಾಚಿಕೆಪಟ್ಟುಕೊಳ್ಳುತ್ತಿರಲಿಲ್ಲ. ವಿಯೆನ್ನಾದಲ್ಲಿ ಒಮ್ಮೆ ಅವರ ಮುತ್ತಿನ ಸರ ಹರಿಯಿತು. ಮಣಿ ಆಯಲು ಬಾಗಿದ ಅಲ್ಲಿನ ಒಪೆರಾದ ನಿರ್ದೇಶಕ ಹೆರ್ಬರ್ಟ್ ಫಾನ್ ಕಾರಾಯಾನ್, ಲಾ ಸ್ಕಾಲಾ ಕೊಟ್ಟ ಹಣದಲ್ಲಿ ಕೊಂಡ ಅಸಲಿ ಮುತ್ತೇ ಎಂದು ಕೇಳಿದರು. ಅಲ್ಲ, ನೀವು ಕೊಡುವ ಪುಡಿಗಾಸಿನಲ್ಲಿ ಕೊಂಡ ನಕಲಿ ಮುತ್ತು ಎಂದರು ನಿಲ್ಸನ್. ಅದೇ ಕಾರಾಯಾನ್ ನ್ಯೂಯಾರ್ಕಿನಲ್ಲಿ ವಾಗ್ನರನ ಒಪೆರಾಕ್ಕೆ ವೇದಿಕೆಯನ್ನು ಕಗ್ಗತ್ತಲು ಮಾಡಿದಾಗ, ಅಭ್ಯಾಸಕ್ಕೆ ಅವರು ದೀಪವಿರುವ ಗಣಿ ಕಾರ್ಮಿಕನ ಟೋಪಿ ತೊಟ್ಟು ಬಂದರು. ಆದಾಯ ತೆರಿಗೆಯ ಕಾಗದ ತುಂಬುವಾಗ ಅವಲಂಬಿತರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ, ಒಬ್ಬರಿದ್ದಾರೆ, ರುಡಾಲ್ಫ್ ಬಿಂಗ್ ಎಂದರು.

ತೆರಿಗೆ ಮುಂದೆ ನಗೆಯ ವಿಷಯವಾಗಿ ಉಳಿಯಲಿಲ್ಲ. ಅಮೆರಿಕದ ತೆರಿಗೆ ಇಲಾಖೆಯೊಂದಿಗೆ ಎದ್ದ ವ್ಯಾಜ್ಯದಿಂದ 1970ರ ದಶಕದ ನಡುವಿನಲ್ಲಿ ಅವರು ಆ ದೇಶದಿಂದಲೇ ದೂರ ಉಳಿಯಬೇಕಾಯಿತು. ವಿವಾದ ತೀರಿ 1979ರ ನವೆಂಬರಿನಲ್ಲಿ ಮರಳಿದಾಗ ಅವರಿಗೆ ಅರವತ್ತೊಂದು. 1980ರಲ್ಲಿ ಅವರು ಸ್ಟ್ರಾಸನ ‘ಎಲೆಕ್ಟ್ರಾ’ ಹಾಡಿದರು. ನೂರಕ್ಕೂ ಹೆಚ್ಚು ವಾದ್ಯಗಾರರ ವೃಂದ, ಬಿಡುವಿಲ್ಲದ ಸುಮಾರು ನೂರು ನಿಮಿಷ, ಹೆಚ್ಚುಕಡಿಮೆ ಪೂರ್ತಿ ಹೊತ್ತು ವೇದಿಕೆಯಲ್ಲೇ ಇರಬೇಕಾದ ನಾಯಕಿ. ಬಹುತೇಕ ಸೊಪ್ರಾನೊಗಳು ಮನೆ ಸೇರಿರುವ ವಯಸ್ಸಿನಲ್ಲಿ ಅವರು ಹಾಡಿದ ಈ ಪ್ರದರ್ಶನ ಟೆಲಿವಿಷನ್ನಿಗಾಗಿ ಚಿತ್ರೀಕರಣಗೊಂಡಿತು.

1983ರ ಅಕ್ಟೋಬರ್ 22ರಂದು ಮೆಟ್ರೊಪಾಲಿಟನ್ ನೂರು ತುಂಬಿದ ಹಬ್ಬ ಆಚರಿಸಿತು. ಕ್ರಿಸ್ಟಿನಾ ನಿಲ್ಸನ್ ಹಾಡಿ ಬಾಗಿಲು ತೆರೆದ ಸಂಸ್ಥೆಯ ಶತಮಾನೋತ್ಸವದಲ್ಲಿ ಬಿರ್ಗಿಟ್ ನಿಲ್ಸನ್ ಇಸೋಲ್ಡೆಯ ಒಂದು ಭಾಗವನ್ನೂ ತಾಯ್ನಾಡಿನ ಒಂದು ಹಾಡನ್ನೂ ಹಾಡಿದರು. ಮರುವರ್ಷ ನಿವೃತ್ತಿ. ಮೆಟ್ರೊಪಾಲಿಟನ್ ಒಂದರಲ್ಲೇ ಅವರ ಪ್ರದರ್ಶನಗಳು ಇನ್ನೂರನ್ನು ಮೀರಿದ್ದವು. 1948ರಲ್ಲಿ ಮದುವೆಯಾದ ಪತಿ ಬರ್ಟಿಲ್ ನಿಕ್ಲಾಸನ್ ಜೊತೆ ಅವರು ತಮ್ಮ ಸ್ಕೋನೆಯ ನಂಟನ್ನು ಕೊನೆಯವರೆಗೂ ಉಳಿಸಿಕೊಂಡರು. 2005ರ ಡಿಸೆಂಬರ್ 25ರಂದು ತೀರಿಕೊಂಡಾಗ ಸುದ್ದಿ ಹೊರಜಗತ್ತಿಗೆ ಗೊತ್ತಾದದ್ದು ಅಂತ್ಯಕ್ರಿಯೆ ಮುಗಿದ ಮೇಲೆ.

ಸಾವಿನ ನಂತರವೂ ಲೆಕ್ಕ ಮುಂದುವರಿಯಿತು. ಗಳಿಸಿ ಉಳಿಸಿದ ಹಣದಿಂದ ಅವರು ಒಂದು ಪ್ರತಿಷ್ಠಾನ ಕಟ್ಟಿದ್ದರು. ಅದು ಕೊಡುವ ಬಿರ್ಗಿಟ್ ನಿಲ್ಸನ್ ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ಡಾಲರ್. ಶಾಸ್ತ್ರೀಯ ಸಂಗೀತದಲ್ಲಿ ಇಷ್ಟು ದೊಡ್ಡ ಬಹುಮಾನ ವಿರಳ. ಮೊದಲು ಪಡೆಯಬೇಕಾದವರ ಹೆಸರನ್ನು ಅವರೇ ಬರೆದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು. ಅದು ಟೆನರ್ ಪ್ಲಾಸಿಡೊ ಡೊಮಿಂಗೊ ಅವರದು, ಪ್ರದಾನವಾದದ್ದು 2009ರಲ್ಲಿ. ಆಮೇಲೆ ಅದು ನಿರ್ದೇಶಕ ರಿಕಾರ್ಡೊ ಮುತಿ ಅವರಿಗೂ ವಿಯೆನ್ನಾ ಫಿಲ್‌ಹಾರ್ಮೊನಿಕ್ ವೃಂದಕ್ಕೂ ಸಂದಿತು. ನಿಲ್ಸನ್ ಜನ್ಮಶತಮಾನದ ವರ್ಷ 2018ರಲ್ಲಿ ಪ್ರಶಸ್ತಿ ಸ್ವೀಕರಿಸಿದ್ದು ಸ್ವೀಡನ್ನಿನ ಇನ್ನೊಬ್ಬ ಇಸೋಲ್ಡೆ, ನಿನಾ ಸ್ಟೆಮ್ಮೆ. 2016ರಿಂದ ಸ್ವೀಡನ್ನಿನ 500 ಕ್ರೋನಾ ನೋಟಿನ ಮೇಲೆ ಇರುವುದೂ ನಿಲ್ಸನ್ ಮುಖವೇ. ಸಂಭಾವನೆಗಾಗಿ ಪಟ್ಟುಹಿಡಿಯುತ್ತಿದ್ದ ಗಾಯಕಿ ನೋಟಿಗೇ ಏರಿದ್ದನ್ನು ಬಿಂಗ್ ನೋಡಿದ್ದರೆ ಏನನ್ನುತ್ತಿದ್ದರೋ.

ಅವರನ್ನು ಇಂದು ಕೇಳಬಯಸುವವರಿಗೆ ಧ್ವನಿಮುದ್ರಣಗಳ ಕೊರತೆಯಿಲ್ಲ. ಜಾರ್ಜ್ ಶೋಲ್ಟಿ ನಿರ್ದೇಶನದಲ್ಲಿ ಡೆಕ್ಕಾ ಕಂಪನಿ 1958ರಿಂದ 1965ರವರೆಗೆ ವಿಯೆನ್ನಾದಲ್ಲಿ ಮುದ್ರಿಸಿದ ವಾಗ್ನರನ ‘ರಿಂಗ್’ ಅವುಗಳಲ್ಲಿ ಅತ್ಯಂತ ಪ್ರಸಿದ್ಧ. ಸ್ಟುಡಿಯೋದಲ್ಲಿ ಪೂರ್ತಿ ‘ರಿಂಗ್’ ಮುದ್ರಣವಾದದ್ದು ಅದೇ ಮೊದಲು. ಬ್ರುನ್‌ಹಿಲ್ಡೆ ತನ್ನ ಕುದುರೆಯನ್ನು ಕರೆಯುವ ದೃಶ್ಯಕ್ಕೆ ತಂತ್ರಜ್ಞರು ತಮಾಷೆಗೆ ನಿಜವಾದ ಕುದುರೆಯನ್ನೇ ಸ್ಟುಡಿಯೋ ಒಳಗೆ ನಡೆಸಿ ತಂದದ್ದು ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ನಿರ್ದೇಶಿಸಿದ 1967ರ ‘ಐಡಾ’ದಲ್ಲೂ ನಾಯಕಿ ಅವರೇ, ಜೊತೆಗೆ ಹಳೆಯ ಎದುರಾಳಿ ಕೊರೆಲ್ಲಿ.

ಆದರೆ ಅವರನ್ನು ಮಂದಿರದಲ್ಲಿ ಕೇಳಿದವರ ಗೊಣಗಾಟ ಒಂದೇ: ಮೈಕ್ ಆ ದನಿಯ ಗಾತ್ರವನ್ನು ಹಿಡಿಯಲೇ ಇಲ್ಲ. ಮೂರು ಅಡಿ ದೂರದ ಉಪಕರಣಕ್ಕೆ ಕೇಳುವುದು ಬರಿಯ ಜೋರು ಸದ್ದು. ಮಂದಿರದ ಗಾಳಿಯನ್ನು ತುಂಬುತ್ತ ಮೇಲಿನ ಬಾಲ್ಕನಿಗೆ ಬರುವ ದನಿಯ ಅನುಭವ ಅದರಲ್ಲಿ ಇಲ್ಲ. ಹೀಗಾಗಿ ಸ್ಟುಡಿಯೋ ಮುದ್ರಣಗಳಿಗಿಂತ 1966ರಲ್ಲಿ ಬೈರಾಯ್ಟ್ ವೇದಿಕೆಯಿಂದಲೇ ಹಿಡಿದ, ಕಾರ್ಲ್ ಬೋಮ್ ನಿರ್ದೇಶನದ ‘ಟ್ರಿಸ್ಟಾನ್’ನಿಂದ ಶುರುಮಾಡುವುದು ಒಳ್ಳೆಯದು. ಅದಾದ ಮೇಲೆ 1980ರ ‘ಎಲೆಕ್ಟ್ರಾ’ ವಿಡಿಯೊ ನೋಡಬಹುದು. ಸ್ವರ ಮೇಲೇರುವ ಘಳಿಗೆಗಳಲ್ಲಿ ಅವರ ದವಡೆಯತ್ತ ಒಂದು ಕಣ್ಣಿಡಿ. ಸುಂಡ್‌ಬೆರ್ಗ್ ಕಂಪನಾಂಕಗಳಲ್ಲಿ ಬರೆದದ್ದನ್ನು ಅರವತ್ತು ದಾಟಿದ ಗಾಯಕಿ ಅಲ್ಲಿ ಮಾಡಿ ತೋರಿಸುತ್ತಿದ್ದಾರೆ.